ಪೊದೊಬಿ ಕೇಳಿದರು, ಪದವಿ ಹೇಳಿದೆ

ನಲವತ್ತೊಂಬತ್ತು ತುಂಬುವವರೆಗೆ ನಾನು ಒಮ್ಮೆಯೂ ಮತ ಹಾಕಿರಲಿಲ್ಲ. ಹೇಳಿಕೊಳ್ಳಲು ಈಗಲೂ ನಾಚಿಕೆ. ಏಕೆಂದರೆ ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹದಿನೆಂಟು ವರ್ಷ ಕನ್ನಡ ವ್ಯಾಕರಣದ ಜೊತೆಗೆ ಪೌರನೀತಿಯನ್ನೂ ಕಲಿಸಿದವಳು ನಾನು. 'ಮತದಾನವು ಪ್ರತಿಯೊಬ್ಬ ಪ್ರಜೆಯ ಹಕ್ಕು' ಎಂಬ ವಾಕ್ಯದಲ್ಲಿ ಷಷ್ಠೀ ವಿಭಕ್ತಿ ಎಲ್ಲಿದೆಯೆಂದು ಮಕ್ಕಳನ್ನು ಕೇಳುತ್ತಿದ್ದೆ. ಆ ಹಕ್ಕನ್ನು ಮಾತ್ರ ಚಲಾಯಿಸಿರಲಿಲ್ಲ. ಪ್ರತಿ ಚುನಾವಣೆಯಲ್ಲೂ ನನ್ನನ್ನು ಬೇರೆ ತಾಲ್ಲೂಕಿನ ಮತಗಟ್ಟೆಯ ಕೆಲಸಕ್ಕೆ ಹಾಕುತ್ತಿದ್ದರು. ನನ್ನ ಅಂಚೆ ಮತಪತ್ರವು ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಬಳಿಕ ಯಜಮಾನರಿಗೆ ಕೋಲ್ಕತ್ತಾಕ್ಕೆ ವರ್ಗವಾಯಿತು, ನಾನು ಶಾಲೆ ಬಿಟ್ಟೆ. ವಿಧಾನಸಭೆಯ ಚುನಾವಣೆಗೆ ಇನ್ನು ಕೆಲವೇ ತಿಂಗಳಿವೆಯೆಂದು ತಿಳಿದ ದಿನ, ಈ ಸಲ ಮತ ಹಾಕಿಯೇ ತೀರುವೆನೆಂದು ನಿಶ್ಚಯಿಸಿದೆ.

ಅಲಿಪುರದ ಚುನಾವಣಾ ಕಚೇರಿಗೆ ಹೋದಾಗ ನನ್ನೊಡನೆ ನಮ್ಮ ಮೇಲಿನ ಮಹಡಿಯ ಹುಡುಗಿಯೂ ಬಂದಿದ್ದಳು. ಅವಳು ಬೆಂಗಳೂರಿನವಳು, ಸಾಲ್ಟ್ ಲೇಕಿನ ಐ.ಟಿ. ಕಂಪನಿಯೊಂದರಲ್ಲಿ ಕೆಲಸ. ತನಗೆ ರಜೆಯ ದಿನವಾದ್ದರಿಂದ ಸುಮ್ಮನೆ ಮೋಜಿಗೆ ಬಂದವಳು. ನಾನು ಮಾತ್ರ ಸಕಲ ಸಿದ್ಧತೆಯೊಡನೆ ಹೋಗಿದ್ದೆ: ಹೊಸದಾಗಿ ಹೆಸರು ಸೇರಿಸಲು ಭರ್ತಿ ಮಾಡಿದ ಆರನೆಯ ನಮೂನೆ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಬ್ಯಾಂಕಿನ ಪಾಸ್‌ಬುಕ್, ಭಾವಚಿತ್ರ. ಉಪನಾಮದ ಅಂಕಣವೊಂದನ್ನು ಖಾಲಿ ಬಿಟ್ಟಿದ್ದೆ. ಇಲ್ಲದ್ದನ್ನು ಬರೆಯುವುದು ಹೇಗೆ?

ಗುಮಾಸ್ತರು ನನ್ನ ಹೆಸರನ್ನು ಬಂಗಾಳಿ ಲಿಪಿಯಲ್ಲಿ ಬರೆದುಕೊಂಡು, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಪೊದೊಬಿ?"

ಬಂಗಾಳಿಗರ ಬಾಯಲ್ಲಿ ಅಕಾರವು ಒಕಾರದತ್ತ ವಾಲುತ್ತದೆ, ವಕಾರವು ಬಕಾರವಾಗುತ್ತದೆ. ಈ ನಿಯಮವನ್ನು ನಾನೇ ಸ್ವತಂತ್ರವಾಗಿ ಕಂಡುಕೊಂಡಿದ್ದೆ. ನಿಯಮವನ್ನು ಹಿಂದುಮುಂದಾಗಿ ಅನ್ವಯಿಸಿದಾಗ 'ಪೊದೊಬಿ' ಕ್ಷಣಾರ್ಧದಲ್ಲಿ 'ಪದವಿ' ಆಯಿತು. ನಾನು ನೆಟ್ಟಗೆ ಕುಳಿತು, ಒಂದೊಂದೇ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸಿದೆ: "ಎಂ.ಎ., ಬಿ.ಎಡ್."

"ಎಮೇಬಿಯೇಡ್?"

"ಹೌದು."

"ಶುಂದೊರ್," ಎಂದು ಮೆಚ್ಚಿ ಬರೆದುಕೊಂಡರು.

ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು: "ಆಂಟಿ, ಓಟ್ ಹಾಕೋಕೆ ಡಿಗ್ರಿ ಯಾಕಂತೆ?"

"ವಿದ್ಯೆಗೆ ಬೆಲೆ ಕೊಡೋ ಊರು ಇದು. ನೋಡಿ ಕಲಿತುಕೊ," ಎಂದೆ.

ಕರಡು ಪಟ್ಟಿಯನ್ನು ನಮ್ಮ ಪಾಡಾದ, ಎಂದರೆ ನಮ್ಮ ಬಡಾವಣೆಯ, ಶಾಲೆಯ ಗೋಡೆಗೆ ಅಂಟಿಸಿದಾಗ ಇಬ್ಬರೂ ನೋಡಲು ಹೋದೆವು. ನಾನು ಬಂಗಾಳಿ ಅಕ್ಷರ ಕಲಿತಿದ್ದವಳು, ಬೆರಳಿಟ್ಟು ಓದಿದೆ. ಮನೆಯ ಸಂಖ್ಯೆ ಸರಿ, ಪತಿಯ ಹೆಸರು ಸರಿ, ವಯಸ್ಸು ದುರದೃಷ್ಟವಶಾತ್ ಸರಿ. ನನ್ನ ಹೆಸರಿನ ಪಕ್ಕದಲ್ಲಿ ಮಾತ್ರ, ಬಿಂದುಗಳನ್ನೆಲ್ಲ ನುಂಗಿಕೊಂಡ ಒಂದೇ ಪದ ನಿಂತಿತ್ತು: ಎಮೇಬಿಯೇಡ್.

ಹುಡುಗಿಗೆ ಓದಿ ಹೇಳಿದೆ. ಅವಳು ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತು ನಗತೊಡಗಿದಳು. "ಅಯ್ಯೋ, ಮಿಸೆಸ್ ಎಮೇಬಿಯೇಡ್! ಜರ್ಮನ್ ಥರ ಇದೆ ಆಂಟಿ!"

ನನಗೆ ನಗು ಬರಲಿಲ್ಲ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು. ಮತಗಟ್ಟೆಯಲ್ಲಿ ನೀವು ಇವರಲ್ಲ ಎಂದುಬಿಟ್ಟರೆ? ಮರುದಿನವೇ ರಜೆ ಹಾಕಿಸಿ ಅವಳನ್ನೂ ಎಳೆದುಕೊಂಡು, ತಿದ್ದುಪಡಿಗೆಂದಿರುವ ಎಂಟನೆಯ ನಮೂನೆಯೊಡನೆ ಅಲಿಪುರಕ್ಕೆ ಓಡಿದೆ.

ವಿಷಯ ತಿಳಿದ ಗುಮಾಸ್ತರು ಮೇಜಿಗೆ ಹಣೆಯಿಟ್ಟು ನಕ್ಕರು. ಪೊದೊಬಿ ಎಂದರೆ ಮನೆತನದ ಹೆಸರಂತೆ. ನನ್ನ ಧ್ವನಿನಿಯಮದಲ್ಲಿ ಲೋಪವಿರಲಿಲ್ಲ. ಅರ್ಥವೊಂದೇ ಪೂರ್ತಿ ತಪ್ಪಿತ್ತು. ನಾನು ಉಪಾಧ್ಯಾಯಿನಿಯೆಂದು ತಿಳಿದದ್ದೇ ಅವರ ಸಂಬೋಧನೆಯೂ ಬದಲಾಯಿತು.

"ಹಾಗಾದರೆ ದಿದಿಮೊಣಿ, ನಿಮ್ಮ ನಿಜವಾದ ಪೊದೊಬಿ ಹೇಳಿ," ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ."

"ಇಲ್ಲದೆ ಹೇಗೆ? ಎಲ್ಲರಿಗೂ ಇರುತ್ತದೆ."

"ನಮಗೆ ಇನಿಷಿಯಲ್ ಇರುತ್ತದೆ. ಮೊದಲನೆಯದು ಊರು, ಎರಡನೆಯದು ತಂದೆ."

"ಇಡೀ ಊರನ್ನು ಹೆಸರಿನ ಮುಂದೆ ಹೊತ್ತು ತಿರುಗುತ್ತೀರಾ!"

ಹುಡುಗಿ ಕನ್ನಡದಲ್ಲಿ ಗೊಣಗಿದಳು: "ನಮ್ಮಾಫೀಸಲ್ಲಂತೂ ಎಲ್ರೂ ನನ್ನನ್ನ ನಮ್ಮಪ್ಪನ ಹೆಸರಿಟ್ಟೇ ಕರೀತಾರೆ ಆಂಟಿ. ಮೊದಮೊದ್ಲು ಅಪ್ಪ ಎಲ್ಲಿ ಬಂದ್ರು ಅಂತ ತಿರುಗಿ ನೋಡ್ತಿದ್ದೆ."

ಆಗ ನನಗೂ ನಗು ತಡೆಯಲಾಗಲಿಲ್ಲ. ಅರ್ಜಿಯನ್ನು ಪಡೆದ ಗುಮಾಸ್ತರು, ಅಂತಿಮ ಪಟ್ಟಿ ಅಚ್ಚಾಗುವ ಮೊದಲು ತಿದ್ದುಪಡಿ ಸೇರಿದರೆ ಸೇರಿತು, ಇಲ್ಲವಾದರೆ ಇಲ್ಲ ಎಂದರು.

ಸೇರಲಿಲ್ಲ.

ಮತದಾನದ ದಿನ, ಇಸ್ತ್ರಿ ಮಾಡಿದ ಬಂಗಾಳದ ತಾಂತ್ ಹತ್ತಿ ಸೀರೆಯುಟ್ಟು ಎಲ್ಲರಿಗಿಂತ ಮೊದಲೇ ಪಾಡಾದ ಅದೇ ಶಾಲೆಯ ಮತಗಟ್ಟೆಯ ಸಾಲಿನಲ್ಲಿ ನಿಂತೆ. ಮೊದಲ ಮೇಜಿನ ಅಧಿಕಾರಿ, ಪಕ್ಷಗಳ ಏಜೆಂಟರಿಗೆ ಕೇಳಿಸುವಂತೆ, ನನ್ನ ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಕೂಗಿದರು. 'ಎಮೇಬಿಯೇಡ್' ಎಂಬುದು ಆ ತರಗತಿಯ ನಾಲ್ಕು ಗೋಡೆಗಳಿಗೂ ಬಡಿದು ಹಿಂತಿರುಗಿತು. ಒಬ್ಬ ಏಜೆಂಟ್ ನನ್ನ ಪಾಸ್‌ಬುಕ್ಕಿನೊಳಗೆ ಇಣುಕಿದ.

"ಇದರಲ್ಲಿ ಪೊದೊಬಿ ಇಲ್ಲವಲ್ಲ ದಾದಾ. ಇವರು ಬೇರೆಯವರು."

ಮತಗಟ್ಟೆಯ ಮುಖ್ಯಾಧಿಕಾರಿ ಎದ್ದು ಬಂದು ಪತಿಯ ಹೆಸರು ಕೇಳಿದರು, ಹೇಳಿದೆ. ಮನೆಯ ಸಂಖ್ಯೆ, ವಯಸ್ಸು. ಎಲ್ಲವನ್ನೂ ಪಟ್ಟಿಯೊಡನೆ ತಾಳೆ ನೋಡಿ, "ಬರವಣಿಗೆಯ ತಪ್ಪಿನಿಂದ ಯಾರ ಮತವೂ ಹೋಗುವುದಿಲ್ಲ," ಎಂದು ಏಜೆಂಟನಿಗೆ ಹೇಳಿ, ನನ್ನತ್ತ ತಿರುಗಿದರು. "ಈ ಹೆಸರು ನಿಮ್ಮದೇ ತಾನೆ?"

ಒಂದು ಕೊಂಬು ಹೆಚ್ಚಾದರೂ ಅರ್ಧ ಅಂಕ ಕಳೆಯುತ್ತಿದ್ದವಳು ನಾನು. ಅಷ್ಟೂ ಜನರೆದುರು, ಕಿಂಚಿತ್ತೂ ಅಳುಕದೆ, "ಹೌದು, ನನ್ನದೇ," ಎಂದೆ.

ಬೆರಳಿಗೆ ಶಾಯಿ ಬಿತ್ತು. ರಟ್ಟಿನ ಮರೆಯ ಹಿಂದೆ ಹೋಗಿ ಗುಂಡಿ ಒತ್ತಿದೆ. ಯಂತ್ರವು ಉದ್ದಕ್ಕೆ ಕುಯ್ಯೆಂದಿತು. ಎಷ್ಟು ಸೊಗಸಾಗಿ ಕೇಳಿಸಿತೆಂದರೆ ಅಲ್ಲೇ ನಿಂತುಬಿಟ್ಟೆ. "ದಿದಿ, ಆಯಿತು, ಹೊರಗೆ ಬನ್ನಿ," ಎಂದು ಎರಡು ಸಲ ಕೂಗಬೇಕಾಯಿತು.

ಗೇಟಿನಾಚೆ ಹುಡುಗಿ ಕಾಯುತ್ತಿದ್ದಳು. ನಾನು ಅವಳ ಎರಡೂ ಕೈ ಹಿಡಿದು ಫುಟ್‌ಪಾತಿನ ಮೇಲೆಯೇ ಒಂದು ಸುತ್ತು ತಿರುಗಿಸಿದೆನಂತೆ; ನನಗೆ ನೆನಪಿಲ್ಲ, ಅವಳು ಪ್ರಮಾಣ ಮಾಡಿ ಹೇಳುತ್ತಾಳೆ.

"ಯಾರಿಗೆ ಹಾಕಿದ್ರಿ ಆಂಟಿ? ನಂಗೊಬ್ಬಳಿಗೇ ಹೇಳಿ."

"ಗುಪ್ತ ಮತದಾನ," ಎಂದೆ. ಸಂಜೆ ಯಜಮಾನರೂ ಕೇಳಿದರು. ಅವರಿಗೂ ಹೇಳಲಿಲ್ಲ. ಇಷ್ಟು ವರ್ಷ ಕಾದು ಪಡೆದದ್ದನ್ನು ಯಾರೊಡನೆಯೂ ಹಂಚಿಕೊಳ್ಳುವ ಉದ್ದೇಶ ನನಗಿರಲಿಲ್ಲ.