ಕುರ್ಚಿಯೊಳಗಿನ ರೇಷ್ಮೆ

ವಾಸನೆ ಮೊದಲು ಬಂತೋ, ನೆನಪು ಮೊದಲು ಬಂತೋ ಹೇಳಲಾರೆ. ಮಂಡ್ಯದ ನಮ್ಮ ಮನೆಯ ವರಾಂಡದಲ್ಲಿ ಅಪ್ಪನ ಹಳೆಯ ಕುರ್ಚಿಯನ್ನು ಬೋರಲು ಹಾಕಿಕೊಂಡು ಸೀಟಿನ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಆ ಕೆಲಸ ನನಗೆ ಹೊಸದು. ಮೊಬೈಲಿನಲ್ಲಿ ನೋಡಿ ಕಲಿತದ್ದಷ್ಟೇ. ಬಿರುಕು ಬಿಟ್ಟ ರೆಕ್ಸಿನ್ ಎತ್ತಿದಾಗ ತೆಂಗಿನ ನಾರು ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಮಂಕು ಹಳದಿಯ, ಗಂಟುಗಂಟಾದ ಜುಂಗು. ರೇಷ್ಮೆಗೂಡು ಬಿಡಿಸುವಾಗ ಕೈಗೆ ಅಂಟುತ್ತದಲ್ಲ, ಅದು. ಹಸಿ ಸೊಪ್ಪು, ಹುಳ, ಸಗಣಿ ಸಾರಿಸಿದ ನೆಲ ಎಲ್ಲ ಒಟ್ಟಿಗೆ ಮೂಗಿಗೆ ಬಂದ ಹಾಗಾಯಿತು. ಇಷ್ಟು ವರ್ಷದ ಮೇಲೆ ಅದರಲ್ಲಿ ವಾಸನೆ ಉಳಿದಿರಲು ಸಾಧ್ಯವೇ ಎಂದು ಮತ್ತೆ ಮೂಸಿದೆ. ಬರೀ ದೂಳು.

ನಾವು ಬೆಳೆದ ಪೂರಿಗಾಲಿಯ ಆ ಮನೆ ಈಗಿಲ್ಲ. ಇದ್ದಾಗ ಅದು ನಮ್ಮದಕ್ಕಿಂತ ಹೆಚ್ಚಾಗಿ ಹುಳುಗಳ ಮನೆಯಾಗಿತ್ತು. ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಗೋಡೆಯಾಚೆಯಿಂದ ಬರುತ್ತಿತ್ತು, ನಾವು ಅದರಲ್ಲೇ ನಿದ್ದೆ ಹೋಗುತ್ತಿದ್ದೆವು. ಹುಳ ಹಣ್ಣಾಗುವ ಹೊತ್ತಿಗೆ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆಲ್ಲ ಒರಗಿಸಿ, ಮಲಗುವುದಕ್ಕೂ ಜಾಗ ಸಾಲದೆ ನಾವು ಜಗಲಿಗೆ ಬರುತ್ತಿದ್ದೆವು. ಅವ್ವನ ಬೆರಳುಗಳಿಂದ ಹಿಪ್ಪುನೇರಳೆ ಸೊಪ್ಪಿನ ಕರೆ ಯಾವ ಹಬ್ಬಕ್ಕೂ ಹೋಗುತ್ತಿರಲಿಲ್ಲ. ಪಡಸಾಲೆಯಲ್ಲಿದ್ದ ಒಂದೇ ಕುರ್ಚಿ ಅಪ್ಪನದು. ಬೇರೆಯವರು ಕೂರಬಾರದೆಂದು ಅವನು ಹೇಳಿದ ನೆನಪಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಕುರ್ಚಿ ಇದ್ದಿರಬೇಕು, ಅದರ ಪಕ್ಕದಲ್ಲಿ ನೆಲದ ಮೇಲೆ ಕೂತ ಒಬ್ಬ ಅವ್ವನೂ.

ಆದರೂ ನನ್ನೊಳಗೊಂದು ಚಿತ್ರವಿದೆ: ಸುಡುವ ಮಧ್ಯಾಹ್ನ, ಎರಡೂ ಕಾಲು ಮೇಲೆಳೆದುಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ, ಅವ್ವ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಮನಸ್ಸು ತನಗೆ ಬೇಕಾದುದನ್ನು ಹೇಗೆ ಹೆಣೆದುಕೊಳ್ಳುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿಕೊಂಡವನು ನಾನು. ಹಾಗಾಗಿ ಈ ಚಿತ್ರವನ್ನು ಎಂದೂ ಪೂರ್ತಿ ನಂಬಿರಲಿಲ್ಲ. ಅಕ್ಕ ಅದನ್ನು ನಂಬುತ್ತಲೇ ಇರಲಿಲ್ಲ. ಮದ್ದೂರಿನಲ್ಲಿರುವ ಅವಳಿಗೆ ಮಂಡಿನೋವು, ನೆಲದಲ್ಲಿ ಕೂರಲಾಗುವುದಿಲ್ಲ. ಆ ಕುರ್ಚಿ ಎತ್ತರ, ಕೈಯೂರಿ ಏಳಲು ಅನುಕೂಲ ಎಂದು ಅವಳಿಗಾಗಿಯೇ ಬಿಚ್ಚಲು ಹೊರಟಿದ್ದೆ. ಅಂದು ಬಂದವಳು ಅದನ್ನು ನೋಡಿದ್ದೇ ಮುಖ ತಿರುಗಿಸಿದಳು.

"ಅದ್ನ ಗುಜರಿಗಾಕ್ಲಾ. ಅವ್ವ ಕೂರ್ದೆ ಇದ್ದ ಕುರ್ಚೀಲಿ ನಾನ್ ಕೂರಕಿಲ್ಲ."

"ಅವ್ವ ಕೂತಿದ್ಳು ಕಣಕ್ಕ. ನಾನು ನೋಡಿದ್ದೀನಿ."

"ನೀನು ಚಿಕ್ಕೋನಿದ್ದಾಗ ದ್ಯಾವ್ರನ್ನೂ ನೋಡಿದ್ದೆ. ಮಾವಿನ ಮರದ ಮ್ಯಾಲೆ."

ಜುಂಗನ್ನು ಅವಳ ಮುಂದೆ ಹಿಡಿದೆ. ನಾರು ಸವೆದಾಗ ಅವ್ವನೇ ಸೀಟು ಬಿಚ್ಚಿ ಇದನ್ನು ತುಂಬಿರಬೇಕು ಎಂದೆ. ಅಕ್ಕ ಬೆರಳಲ್ಲಿ ಉಜ್ಜಿ ನೋಡಿದಳು. ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ, "ತುಂಬಿರ್ತಾಳೆ. ಅಪ್ಪಂಗೆ ಮೆತ್ತಗಿರ್ಲಿ ಅಂತ" ಎಂದಳು. ತುಂಬಿದವಳು ಕೂತಳು ಎನ್ನುವುದಕ್ಕೆ ಸಾಕ್ಷಿಯೇನು?

ಕೆಲಸವೇನೋ ಮುಂದುವರಿಸಿದೆ. ಸೀಟಿನಡಿಯ ನವಾರದ ಪಟ್ಟಿ ಬಿಗಿಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡೆ. ಮಡಿಸಲು ಅಂಚು ಬಿಡದೆ ಬಟ್ಟೆ ಕತ್ತರಿಸಿ, ಮತ್ತೆ ಅಂಗಡಿಗೆ ಹೋಗಿ ತಂದೆ. ಜುಂಗನ್ನು ಬಿಸಿಲಿಗೆ ಹಾಕಿ, ಬಿಡಿಸಿ, ಅದನ್ನೇ ತುಂಬಿ ಮೇಲೊಂದು ತೆಳು ಫೋಮ್ ಇಟ್ಟೆ. ಕುರ್ಚಿ ಸಿದ್ಧವಾಯಿತು, ಕೂರುವವರಿಲ್ಲ. ಅದರ ಸುತ್ತ ಸುತ್ತಿ ಸಾಕಾಗಿ ಒಂದು ಭಾನುವಾರ ಅಕ್ಕನನ್ನು ಒತ್ತಾಯಿಸಿ ಪೂರಿಗಾಲಿಗೆ ಹೊರಡಿಸಿದೆ. ನಮ್ಮ ಮನೆಯ ಪಕ್ಕದಲ್ಲಿದ್ದ ನಿಂಗಮ್ಮತ್ತೆ ಇನ್ನೂ ಗಟ್ಟಿಯಾಗಿದ್ದಾರೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಉತ್ತರವನ್ನು ನಾನೇ ಬಾಯಿಗೆ ತುರುಕಬಾರದೆಂದು ಅವ್ವನ ಹೆಸರೆತ್ತದೆ ಕೇಳಿದೆ, ನಮ್ಮನೆ ಕುರ್ಚೀಲಿ ಯಾರು ಕೂರುತ್ತಿದ್ದರು ಎಂದು.

"ನಿಮ್ಮಪ್ಪ. ಅವನೆದ್ರಿಗೆ ಇನ್ಯಾರ್ ಕೂತಾರು?"

ಅಕ್ಕ ನನ್ನ ಮುಖ ನೋಡಿದಳು. ಅತ್ತೆ ಕಾಯಿ ಸುಲಿಯುತ್ತಲೇ ಮುಂದುವರಿದರು.

"ಗೂಡು ಮಾರಕ್ಕೆ ಓದ್ ದಿನ ಬುಟ್ರೆ. ಅವತ್ತು ನಿಮ್ಮವ್ವಂದು. ಹುಳ ಅಣ್ಣಾಗಗಂಟ ನಿದ್ದೆ ಎಲ್ಲಿತ್ತು ಅವ್ಳಿಗೆ? ಕಾಲು ಮ್ಯಾಕಾಕ್ಕಂಡು ಕೂತ್ಲು ಅಂದ್ರೆ ಗೊರಕೆ. ಏಳಮ್ಮಿ, ಇನ್ನ ನನ್ ಸರದಿ ಅಂತ ನಾನೇ ಎಬ್ಬುಸ್ತಿದ್ದೆ."

"ನಾನು ಒಂದ್ಸಲಾನೂ ಕಾಣ್ಲಿಲ್ವಲ್ಲ ಅತ್ತೆ" ಎಂದಳು ಅಕ್ಕ.

"ನೀನೆಲ್ಲವ್ವ ಕಂಡೀಯೆ? ಮೂಟೆ ಕಾಯಕ್ಕೆ ಅಂತ ನಿಮ್ಮಪ್ಪ ನಿನ್ನೇ ಬಸ್ಸತ್ತಿಸ್ಕಂಡು ಓಯ್ತಿದ್ನಲ್ಲ."

ಮಳವಳ್ಳಿಯಲ್ಲಿ ಬಸ್ಸು ಇಳಿಯುವಾಗ ಅಕ್ಕ ನನ್ನ ಭುಜ ಹಿಡಿದುಕೊಂಡು, ನಾಳೆ ಯಾವುದಾದರೂ ಗೂಡ್ಸ್ ಆಟೋ ಸಿಕ್ಕರೆ ಕುರ್ಚಿಯನ್ನು ಮದ್ದೂರಿಗೆ ಕಳಿಸು ಎಂದಳು.

ಆ ಮಧ್ಯಾಹ್ನದ ಚಿತ್ರದಲ್ಲಿ ಕಂಡದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದು ಈಗಲೂ ತಿಳಿಯದು. ಒಂದು ಮಾತ್ರ ವಿಚಾರಿಸಿ ತಿಳಿದಿದ್ದೇನೆ: ಅಪ್ಪ ಗೂಡು ಮಾರಲು ಹೋದ ದಿನ, ನಿಂಗಮ್ಮತ್ತೆ ಎಬ್ಬಿಸುವ ತನಕ ಅವ್ವನಿಗೆ ಆ ಕುರ್ಚಿಯಲ್ಲಿ ನಿದ್ದೆ ಇತ್ತು.