ಸೀಟಕ್ಕನ ಗರಡಿ

ಬಸ್ಸು, ವ್ಯಾನುಗಳ ಹರಿದ ಸೀಟು ಹೊಲಿಯುವ ಹೆಂಗಸಾದ್ದರಿಂದ ಅವಳಿಗೆ ಸೀಟಕ್ಕ ಎಂದೇ ಹೆಸರು ಬಿದ್ದಿತ್ತು. ಬಸ್ ಡಿಪೋದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಅವಳ ಹೊಲಿಗೆ ಯಂತ್ರ. ಸುತ್ತ ರೆಕ್ಸಿನ್ ಸುರುಳಿಗಳು, ಫೋಮಿನ ಚೂರುಗಳು, ಬಾಗಿದ ಸೂಜಿಗಳನ್ನು ಚುಚ್ಚಿಟ್ಟ ಒಂದು ಹಳೆಯ ದಿಂಬು. ಸಂಜೆಯಾದರೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಬೆರಳಿಗಂಟಿದ ಗೋಂದನ್ನು ಉಜ್ಜಿ ತೊಳೆದು, ಪಕ್ಕದ ಬೀದಿಯ ಟೈರ್ ಅಂಗಡಿಯ ಮಹಡಿ ಹತ್ತುತ್ತಿದ್ದಳು. ಅಲ್ಲಿನ ಉದ್ದನೆಯ ಕೋಣೆಯಲ್ಲಿ ಸುತ್ತಲಿನ ಹೆಂಗಸರಿಗೆ, ಹುಡುಗಿಯರಿಗೆ, ಆಸೆಪಟ್ಟು ಬಂದ ಒಬ್ಬಿಬ್ಬರು ಗಂಡಸರಿಗೂ ಜೂಡೊ, ಅದರ ಜತೆಗೊಂದಿಷ್ಟು ಕರಾಟೆ ಕಲಿಸುತ್ತಿದ್ದಳು. ನೆಲಕ್ಕೆ ಹಾಸಿದ ಚಾಪೆಗಳೆಲ್ಲ ಅವಳೇ ಹೊಲಿದವು. ಒಂದು ಹಸಿರು, ಇನ್ನೊಂದು ಕಂದು, ಮತ್ತೊಂದರ ಮೇಲೆ ಯಾವುದೋ ಬಸ್ಸಿನ ಪಟ್ಟೆ ಪಟ್ಟೆ ವಿನ್ಯಾಸ. ಕೆಳಗಿನ ರಬ್ಬರಿನ ವಾಸನೆ ಮೇಲಕ್ಕೇ ಬರುತ್ತಿತ್ತು. ಬೀದಿಯವರು ತಮಾಷೆಗೆ ಅದನ್ನು ಸೀಟಕ್ಕನ ಗರಡಿ ಎಂದು ಕರೆದರು. ತಮಾಷೆಯೇ ಕೊನೆಗೆ ವಿಳಾಸವಾಯಿತು.

ವಿದ್ಯೆ ಬಂದದ್ದು ಸೋದರಮಾವನಿಂದ. ಅವನು ಗೋದಾಮಿನ ಕಾವಲುಗಾರ. ಚಿಕ್ಕವಳಿದ್ದಾಗ ಸೀಟಕ್ಕ ಬೀದಿಯಲ್ಲಿ ಗೋಡೆಗಂಟಿಕೊಂಡೇ ನಡೆಯುತ್ತಿದ್ದಳಂತೆ. ಅದನ್ನು ನೋಡಿ ನೋಡಿ ಬೇಸತ್ತ ಮಾವ ಒಂದು ದಿನ ಗೋದಾಮಿನ ಖಾಲಿ ಗೋಣಿಚೀಲಗಳ ಮೇಲೆ ಅವಳನ್ನು ನಿಲ್ಲಿಸಿ, "ಮೊದ್ಲು ಬೀಳೋದು ಕಲಿ, ಮಿಕ್ಕಿದ್ದು ನೋಡೋಣ" ಎಂದ. ಅವಳೂ ತನ್ನ ಶಿಷ್ಯರಿಗೆ ಅದನ್ನೇ ಮೊದಲು ಕಲಿಸುತ್ತಿದ್ದಳು. ತಲೆ ನೆಲಕ್ಕೆ ತಾಗದಂತೆ, ಮಣಿಕಟ್ಟಿನ ಮೇಲೆ ಭಾರ ಬೀಳದಂತೆ ಹೇಗೆ ಉರುಳಬೇಕು ಎನ್ನುವುದು ಮೊದಲ ಪಾಠ. ಆಮೇಲೆ ಹಿಡಿತ ಬಿಡಿಸಿಕೊಳ್ಳುವುದು, ಹೊಟ್ಟೆಯಾಳದಿಂದ ಕೂಗುವುದು. ಏಟು ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಅರ್ಧ ಜನ ಬೇಸರಪಟ್ಟು ಬಿಟ್ಟುಹೋಗಿರುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡ, "ಇವಳ ಹತ್ರ ಕಲಿತೋರಿಗೆ ಹೊಡೆಯೋಕೆ ಬರೋ ಹೊತ್ತಿಗೆ ಹೊಡೆಸ್ಕೊಳ್ಳಬೇಕಾದೋನು ಮುದುಕ ಆಗಿರ್ತಾನೆ" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದ.

ಕೊನೆಯವರೆಗೂ ನಿಂತು ಕಲಿತವರಲ್ಲಿ ಮುಂದಿದ್ದವಳು ಅವಳ ತಂಗಿಯ ಮಗಳು. ಬಸ್ ಕಂಡಕ್ಟರ್. ಕೆಲಸದ ಬೂಟನ್ನು ಮೆಟ್ಟಿಲ ಬಳಿ ಕಳಚಿಟ್ಟು, ಚಾಪೆಯ ಮೇಲೆ ಕಾಲಿಟ್ಟರೆ ಬೇರೆಯೇ ಹುಡುಗಿ. ಮಕ್ಕಳಿಲ್ಲದ ಸೀಟಕ್ಕನಿಗೆ ಅವಳೆಂದರೆ ಪ್ರಾಣ. ತನಗೆ ಕೈಲಾಗದ ದಿನ ಈ ಕೋಣೆ ಅವಳದೇ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ಒಂದು ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಒಂದು ಕೈ ಆ ಹುಡುಗಿಯ ಸೊಂಟ ಹಿಡಿಯಿತು. ಮೊದಲ ಸಲವೇನಲ್ಲ. ಆ ದಾರಿಯಲ್ಲಿ ವಾರಗಟ್ಟಲೆಯಿಂದ ಅಂಥ ಕೈಗಳು ಅವಳನ್ನು ತಡಕುತ್ತಲೇ ಇದ್ದವು. ಮೇಲಧಿಕಾರಿಗೆ ಹೇಳಿದರೆ, "ರಶ್ಶಲ್ಲಿ ಇದೆಲ್ಲ ಇದ್ದಿದ್ದೇ" ಎಂಬ ಉತ್ತರ. ಆ ಸಂಜೆ ಅವಳು ಗಿರಕ್ಕನೆ ತಿರುಗಿ, ಬಾಗಿಲ ಬಳಿ ನಿಂತಿದ್ದವನ ಎದೆಗೆ ಮೊಣಕೈಯಿಂದ ಗುದ್ದಿ, ಕಾಲಿಗೆ ಕಾಲು ಕೊಟ್ಟು ಕೆಡವಿದಳು. ಬಸ್ಸು ನಿಲ್ದಾಣಕ್ಕೆ ಬಂದು ನಿಧಾನವಾಗುತ್ತಿತ್ತು. ಅವನು ಫುಟ್‌ಬೋರ್ಡಿನಿಂದ ರಸ್ತೆಗೆ ಬಿದ್ದ. ಏನಾಯಿತು ಎಂದು ಕೇಳುವ ಮೊದಲೇ ಇಳಿದವರೆಲ್ಲ ಅವನ ಮೇಲೆ ಕೈಮಾಡಿದರು. ಯಾರೋ ಫೋನಿನಲ್ಲಿ ಚಿತ್ರ ಹಿಡಿದರು. ನೆಲದ ಮೇಲೆ ಮುದುಡಿದ ಗಂಡಸು, ಬಾಗಿಲಲ್ಲಿ ಕೆಂಡದಂತೆ ನಿಂತ ಹುಡುಗಿ. ಬೆಳಗಾಗುವಷ್ಟರಲ್ಲಿ ಅದು ಎಲ್ಲರ ಕೈಯಲ್ಲಿತ್ತು.

ಮಾರನೆಯ ಸಂಜೆ ಟೈರ್ ಅಂಗಡಿಯ ಮೆಟ್ಟಿಲ ತುಂಬ ಜನ. ಗಿರಣಿಯ ಹೆಂಗಸರು, ಕಾಲೇಜಿನ ಹುಡುಗಿಯರು, ಮಗಳ ಕೈಹಿಡಿದು ಬಂದ ತಂದೆಯರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಆ ಏಟು ಕಲಿಸಿ." ಸೀಟಕ್ಕ ಎಂದಿನಂತೆ ಬೀಳುವುದರಿಂದ ಶುರುಮಾಡಿದಳು. ಒಬ್ಬಾಕೆ ಮುಖ ಸಿಂಡರಿಸಿ, "ಬೀಳಿಸೋದು ಕಲಿಯೋಣ ಅಂತ ಬಂದ್ರೆ ಇವ್ರು ನಮ್ಮನ್ನೇ ಬೀಳಿಸ್ತಾರಲ್ಲ" ಎಂದಳು. ಎಲ್ಲರೂ ನಕ್ಕರು. ಸೀಟಕ್ಕನಿಗೆ ನಗು ಬರಲಿಲ್ಲ.

ತರಗತಿ ಮುಗಿದು ಇಳಿಯುವಾಗ ಟೈರ್ ಅಂಗಡಿಯ ಯಜಮಾನ ಅವಳನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಒಂದು ಮಾತು. ಆ ಬಿದ್ದೋನು ನಂಗೆ ಗೊತ್ತು. ಬೋರ್ಡ್ ಬರಿಯೋನು. ಈ ಅಂಗಡಿ ಬೋರ್ಡೂ ಅವ್ನೇ ಬರ್ದಿದ್ದು. ತಲೆ ಎತ್ತಿ ಮಾತಾಡೋನಲ್ಲ. ನನಗ್ಯಾಕೋ ನಂಬ್ಕೆ ಬರ್ತಿಲ್ಲ."

"ನಿನ್ನೆಯಿಂದ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರ ಮುಂದೆ ಬಿಡ್ಲಿ? ನನ್ನನ್ನೂ ಅವನ ಜೊತೆ ಸೇರಿಸಿ ತದುಕ್ತಾರೆ."

ನಾಲ್ಕು ದಿನ ಕಳೆದು, ಅವನು ಆಸ್ಪತ್ರೆಯಿಂದ ಬಂದನೆಂದು ತಿಳಿದ ಮೇಲೆ ಸೀಟಕ್ಕ ಅವನ ಮನೆ ಹುಡುಕಿಕೊಂಡು ಹೋದಳು. ಒಂದೇ ಕಿಟಕಿಯ ಮನೆ. ಗೋಡೆಗೊರಗಿಸಿದ್ದ ತಗಡಿನ ಹಲಗೆಯ ಮೇಲೆ ಯಾವುದೋ ಕ್ಷೌರದಂಗಡಿಯ ಹೆಸರು ಅರ್ಧಕ್ಕೆ ನಿಂತಿತ್ತು. ಅವನು ಮಂಚದ ಮೇಲೆ ಕೂತಿದ್ದ. ಬಲಗೈ ಮೊಣಕೈವರೆಗೆ ಬಿಳಿ ಕಟ್ಟಿನಲ್ಲಿ. ಬೀಳುವಾಗ ಕೈಯೂರಿದ್ದರಿಂದ ಮಣಿಕಟ್ಟು ಪುಡಿಯಾಗಿ, ಒಳಗೆ ಲೋಹದ ಪಟ್ಟಿ ಕೂರಿಸಿದ್ದರು. ಬೆರಳುಗಳು ಮಡಚುತ್ತವೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದರಂತೆ. ಅವನು ಸೀಟಕ್ಕನನ್ನು ನೋಡಿ ಗೋಡೆಯ ಕಡೆ ತಿರುಗಿದ. ಮಾತಾಡಿದವಳು ಅವನ ಹೆಂಡತಿ.

"ನೀವೇನಾ ಅದನ್ನ ಕಲಿಸೋರು?"

"ಹೌದಮ್ಮ, ನಾನೇ."

"ಹಾಗಾದ್ರೆ ನೀವೇ ಹೇಳಿ. ಅವತ್ತು ಇವರ ಒಂದು ಕೈಯಲ್ಲಿ ಬಣ್ಣದ ಡಬ್ಬಿ. ಇನ್ನೊಂದು ಕೈ ಮೇಲಿನ ಕಂಬೀಲಿ. ಆ ಮೂರನೇ ಕೈ ಎಲ್ಲಿಂದ ಬಂತು?"

ಆ ಹೆಂಗಸಿನ ದನಿ ಇನ್ನೂ ಇಳಿಯಿತು. "ನಿಮ್ಮ ಹುಡುಗೀರಿಗೆ ಬೀಳೋದು ಹೇಳಿಕೊಡ್ತೀರಂತೆ. ನನ್ನ ಗಂಡನಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಅಲ್ಲಿಂದ ಅವಳು ನೆಟ್ಟಗೆ ತಂಗಿಯ ಮನೆಗೆ ಹೋದಳು. ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು. ಹುಡುಗಿ ಹಿತ್ತಲಿನ ನಲ್ಲಿಯ ಬಳಿ ಕೂತು ಕೆಲಸದ ಬೂಟನ್ನು ಉಜ್ಜುತ್ತಿದ್ದಳು. ಚರ್ಮದ ಮೇಲೆ ನೀಲಿ ಬಣ್ಣದ ಕಲೆ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸೀಟಕ್ಕ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಹುಡುಗಿ ತಲೆ ಎತ್ತದೆಯೇ ಹೇಳಿದಳು:

"ಬಣ್ಣ ಕಾಲ ಮೇಲೆ ಚೆಲ್ಲಿದಾಗ್ಲೇ ಗೊತ್ತಾಯ್ತು ದೊಡ್ಡಮ್ಮ. ಅವನಲ್ಲ ಅಂತ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಅಷ್ಟರಲ್ಲಿ ಎಲ್ಲರೂ ಹೊಡೀತಿದ್ರು. ನನ್ನ ಹೆಸರಲ್ಲೇ ಹೊಡೀತಿದ್ರು." ಬೂಟು ಕೈಯಿಂದ ಜಾರಿತು. "ಆದ್ರೆ ಆ ಕೈ ಸುಳ್ಳಲ್ಲ. ನಿಜವಾಗ್ಲೂ ಯಾರೋ ಹಿಡಿದ್ರು."

"ಕೈ ಸುಳ್ಳಲ್ಲ ಮಗಳೇ. ಮುಖ ತಪ್ಪಾಯ್ತು. ಹೋಗಿ ಹೇಳು."

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಕೆಲಸ ಹೋಗ್ಲಿ ಬಿಡಿ. ನಾಳೆ ಇನ್ನೊಬ್ಬಳು ಬಸ್ಸಲ್ಲಿ ಕೂಗಿದ್ರೆ, ನೀನೂ ಅವಳ ಥರಾನೇನಾ ಅಂತ ಕೇಳ್ತಾರೆ. ಅದಕ್ಕೇನು ಹೇಳ್ತೀರಿ?"

ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು. ಆದರೂ ಆ ಮನೆಯ ಮಂಚ ಸೀಟಕ್ಕನ ಕಣ್ಣಮುಂದಿನಿಂದ ಸರಿಯುತ್ತಿರಲಿಲ್ಲ. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದಳು. "ಆದ್ರೆ ಅವನು ಕಳ್ಳನ ಹಾಗೆ ಗೋಡೆ ನೋಡ್ಕೊಂಡು ಕೂತಿದಾನೆ. ಅದನ್ನ ನೋಡಿ ಬಂದೆ."

ಬಾಗಿಲಲ್ಲಿ ನಿಂತಿದ್ದ ತಂಗಿ ಸಿಡಿದಳು. "ಅಕ್ಕಾ, ಹೊಡೆಯೋದು ಕಲಿಸಿದೋಳು ನೀನು. ಈಗ ನ್ಯಾಯ ಹೇಳೋಳೂ ನೀನೇನಾ? ನಿನ್ನ ಸ್ವಂತ ಮಗಳಾಗಿದ್ರೆ ಹೀಗೆ ತಳ್ತಿದ್ಯಾ?"

ಆ ಮಾತು ಸೀಟಕ್ಕನ ಕರುಳಿಗೇ ತಾಗಿತು. ಎದ್ದು ಬಂದಳು.

ಕೆಲವು ದಿನ ಏನೂ ಆಗಲಿಲ್ಲ. ಹೊಲಿಗೆ ವಕ್ರವಾಯಿತೆಂದು ಸೀಟಕ್ಕ ಬಿಚ್ಚಿ ಬಿಚ್ಚಿ ಹಾಕಿದಳು. ತಾನೇ ಹೋಗಿ ಪೊಲೀಸರಿಗೆ ಹೇಳಿಬಿಡಲೇ ಎಂದು ಯೋಚಿಸಿ ಠಾಣೆಯ ಬಾಗಿಲವರೆಗೆ ಹೋಗಿ ವಾಪಸಾದಳು. ಗಂಡ ಆ ವಾರ ಒಂದು ತಮಾಷೆಯನ್ನೂ ಮಾಡಲಿಲ್ಲ.

ಕೊನೆಗೆ ಹುಡುಗಿ ಯಾರಿಗೂ ಹೇಳದೆ ತಾನೇ ಠಾಣೆಗೆ ಹೋಗಿ, ಬಿದ್ದವನು ನಿರಪರಾಧಿ, ಹಿಡಿದವನು ಯಾರೋ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟಳು. ಡಿಪೋದವರಿಗೂ ಅದನ್ನೇ ಹೇಳಿದಳು. ಅವಳನ್ನು ಬಸ್ಸಿನಿಂದ ತೆಗೆದು, ವಿಚಾರಣೆ ಮುಗಿಯುವವರೆಗೆ ಡಿಪೋದ ಪಾಸು ಕೊಡುವ ಕಿಟಕಿಯ ಹಿಂದೆ ಕೂರಿಸಿದರು. ಹೊಗಳಿದ ಬಾಯಿಗಳೇ ಉಗಿದವು. ಮೆಟ್ಟಿಲ ತುಂಬ ಬಂದಿದ್ದವರು ಬಂದಷ್ಟೇ ಬೇಗ ಕರಗಿದರು. "ಹೊಡೆಯೋದು ಕಲಿಸ್ತಾರಂತೆ, ಯಾರಿಗೆ ಅಂತ ಕಲಿಸಲ್ವಂತೆ" ಎಂದು ಬೀದಿಯ ಗಂಡಸರು ಆಡಿಕೊಂಡರು. ಹುಡುಗಿ ಹೆದರಿದ್ದೂ ಆಗಿಯೇ ಆಯಿತು: ಗಿರಣಿಯ ಒಬ್ಬಾಕೆ ಬಸ್ಸಿನಲ್ಲಿ ಯಾರದೋ ಕೈ ತಳ್ಳಿ ಕೂಗಿದಾಗ, "ಸರಿಯಾಗಿ ನೋಡ್ಕೊಂಡ್ಯಾ?" ಎಂದು ಜನ ನಕ್ಕರಂತೆ. ಆಕೆ ಅದನ್ನು ಚಾಪೆಯ ಮೇಲೆ ಕೂತು ಹೇಳಿದಳು.

ಸೀಟಕ್ಕ ಆ ರಾತ್ರಿಯೆಲ್ಲ ಯೋಚಿಸಿರಬೇಕು. ಮರುದಿನದಿಂದ ಪಾಠದ ಕ್ರಮ ಬದಲಾಯಿತು. ಒಬ್ಬಳನ್ನು ಗುಂಪಿನ ನಡುವೆ ನಿಲ್ಲಿಸಿ, ಹಿಂದಿನಿಂದ ಯಾರಾದರೂ ಮುಟ್ಟುವಂತೆ ಹೇಳುತ್ತಿದ್ದಳು. ಅವಳು ಮೊದಲು ಆ ಕೈಯನ್ನೇ ಗಟ್ಟಿಯಾಗಿ ಹಿಡಿಯಬೇಕು. ಹಿಡಿದು, ತೋಳಿನಗುಂಟ ಮುಖದವರೆಗೆ ನೋಡಬೇಕು. ಆಮೇಲೆ ಕೂಗಬೇಕು. "ಕೈ ಸಿಗದೇ ಹೋದ್ರೆ?" ಎಂದು ಒಬ್ಬಳು ಕೇಳಿದಳು. "ಸಿಗದೇ ಹೋದ್ರೂ ಕೂಗು. ಹೊಡೀಬೇಡ," ಎಂದಳು ಸೀಟಕ್ಕ. "ಅವತ್ತು ಮನೆಗೆ ಹೋದ್ಮೇಲೆ ಹೊಟ್ಟೆ ಉರಿಯುತ್ತೆ. ಅದನ್ನ ಹೇಗೆ ತಡ್ಕೊಳ್ಳೋದು ಅಂತ ನನಗೂ ಗೊತ್ತಿಲ್ಲ" ಎಂದೂ ಸೇರಿಸಿದಳು. ಗುರುವಾದವಳು ಗೊತ್ತಿಲ್ಲ ಎಂದದ್ದು ಕೆಲವರಿಗೆ ಹಿಡಿಸಲಿಲ್ಲ. ಉಳಿದವರು ಬೆರಳೆಣಿಕೆಯಷ್ಟು ಮಂದಿ.

ಬೋರ್ಡ್ ಬರೆಯುವವನ ಮನೆಗೆ ಹುಡುಗಿ ಒಮ್ಮೆ ಹೋಗಿದ್ದಳು. ಹೊಸ್ತಿಲಾಚೆ ನಿಂತು ಕ್ಷಮಿಸಿ ಎಂದಳು. ಅವನು ಅವಳ ಮುಖ ನೋಡಿ, "ಕೇಳಿಸ್ತು. ಹೋಗಮ್ಮ," ಎಂದ. ಅಷ್ಟೇ. ಸೀಟಕ್ಕನನ್ನು ಮಾತ್ರ ಆ ಮನೆಯವರು ಒಳಗೆ ಬಿಟ್ಟುಕೊಂಡರು. ಕಟ್ಟು ಬಿಚ್ಚಿದ ಮೇಲೆ ಅವಳು ವಾರವಾರ ಹೋಗಿ, ಆಸ್ಪತ್ರೆಯವರು ಹೇಳಿದ ಹಾಗೆ ಬಿಸಿನೀರಿನಲ್ಲಿ ಅವನ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ಮಡಚಿ ಬಿಡಿಸುತ್ತಿದ್ದಳು. ನೋವಿಗೆ ಅವನು ಹಲ್ಲು ಕಚ್ಚುತ್ತಿದ್ದ. ಮಾತು ಕಡಿಮೆ. ಎಡಗೈಯಲ್ಲಿ ಬರೆದು ನೋಡಿದ ಅಕ್ಷರಗಳು ಕುಡುಕರ ಹಾಗೆ ಒಂದರ ಮೇಲೊಂದು ವಾಲಿದ್ದವು. ಹೆಂಡತಿ ಅವನ್ನು ಒರೆಸಿಹಾಕುತ್ತಿದ್ದಳು.

ತಂಗಿ ಇವತ್ತಿಗೂ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಹುಡುಗಿಯೂ ಮಹಡಿ ಹತ್ತುವುದನ್ನು ಬಿಟ್ಟಳು. ಆದರೆ ಡಿಪೋ ಒಂದೇ ಆದ್ದರಿಂದ ಮಧ್ಯಾಹ್ನ ಕಿಟಕಿ ಮುಚ್ಚಿ, ಊಟದ ಡಬ್ಬಿ ಹಿಡಿದು ತಗಡಿನ ಶೆಡ್ಡಿಗೆ ಬರುತ್ತಾಳೆ. ಹರಿದ ಸೀಟೊಂದರ ಮೇಲೆ ಕೂತು ಇಬ್ಬರೂ ಉಣ್ಣುತ್ತಾರೆ. ಆ ವಿಷಯ ಎತ್ತುವುದಿಲ್ಲ. ಸೀಟಕ್ಕ ಆ ಮನೆಗೆ ಹೋಗಿ ಬಂದ ಮಾರನೆಯ ದಿನ ಮಾತ್ರ ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಾಳೆ:

"ಬೆರಳು ಹೇಗಿದೆ ದೊಡ್ಡಮ್ಮ?"

"ತೋರುಬೆರಳು ಮಡಚ್ತಾ ಇದೆ. ಹೆಬ್ಬೆರಳು ಇನ್ನೂ ಇಲ್ಲ."

"ಹೆಬ್ಬೆರಳಿಲ್ದೆ ಕುಂಚ ಹಿಡಿಯಕ್ಕಾಗಲ್ಲ ಅಲ್ವಾ?"

"ಆಗಲ್ಲ," ಎನ್ನುತ್ತಾಳೆ ಸೀಟಕ್ಕ. "ಉಣ್ಣು ಈಗ. ಆರಿಹೋಗುತ್ತೆ."