ಜಗಲಿ ಏರಿದ ಸೂರ್ಯ

ವಾಕಡದ ನಮ್ಮ ಕಟ್ಟಡದ ಲಿಫ್ಟ್ ಬಾಗಿಲು ತೆರೆದಾಗ ಮೊದಲು ಬಡಿದದ್ದು ವಾಸನೆ. ಸುಣ್ಣ, ತಂಬಾಕು, ಯಾರದೋ ಬಾಯಿ. ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಆಗಷ್ಟೇ ಉಗುಳಿ ಹೋಗಿದ್ದರು. ಕೆಂಪು ಇನ್ನೂ ಸ್ಟೀಲಿನ ಮೇಲೆ ಇಳಿಯುತ್ತಿತ್ತು. ಸೆಕ್ರೆಟರಿಗೆ ತೋರಿಸಿ ಬೈಯಬೇಕೆಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ತೆಗೆದವಳು ಅಲ್ಲೇ ನಿಂತುಬಿಟ್ಟೆ... ಫೋಟೋ ಕಾಕಾ ನೆನಪಾಗಿದ್ದರು.

ತೊಂಬತ್ತರ ದಶಕದಲ್ಲಿ ನಾವು ಇದೇ ಊರಿನ ಇನ್ನೊಂದು ತುದಿಯಲ್ಲಿ, ಬಿಬವೇವಾಡಿಯಲ್ಲಿದ್ದೆವು. ಅಪ್ಪ ಸ್ವಾರಗೇಟದ ಬಳಿ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರು. ಮೇಲಿನ ಮಹಡಿಯಲ್ಲಿ ಒಬ್ಬಂಟಿಯಾಗಿದ್ದ ಕಾಕಾ ನಮ್ಮ ವಿಜಾಪುರದ ಕಡೆಯವರೇ. ಅದೇ ರಸ್ತೆಯಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ಮುಂಜಿ. ರೀಲಿನ ಕೊನೆಯಲ್ಲಿ ಉಳಿದ ಒಂದೆರಡು ಫೋಟೋ ಮಾತ್ರ ಅವರ ಸ್ವಂತದ್ದು. ಅದರಲ್ಲಿ ಅವರು ತೆಗೆಯುತ್ತಿದ್ದುದಾದರೂ ಏನು! ತುಕ್ಕು ಹಿಡಿದ ನೀರಿನ ಟಾಕಿ, ಗಟಾರದ ಮೇಲೆ ತೇಲುವ ಎಣ್ಣೆ, ಬೂಸರು ಬಂದ ಭಕ್ರಿ. ಮೂಗು ತಾಗುವಷ್ಟು ಹತ್ತಿರ ಹೋಗಿ ತೆಗೆಯುವರು. ಫೋಟೋದಲ್ಲಿ ಅದು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನಗಂತೂ ತಿಳಿದ ಮೇಲೆ ಅನ್ನ ಸೇರುತ್ತಿರಲಿಲ್ಲ. ಇಷ್ಟು ಹಣ್ಣು ಹೂವು ಸಿಗುವ ಊರಲ್ಲಿ ಈ ಮನುಷ್ಯನಿಗೆ ಬೂಸರೇ ಬೇಕೆ ಎಂದು ಸಿಟ್ಟು ಬರುತ್ತಿತ್ತು.

ಅವನ್ನು ಯಾರೂ ಗೋಡೆಗೆ ಹಾಕಲಿಲ್ಲ. ನಮ್ಮ ಅವ್ವ ಮಾತ್ರ ಹಾಕಿದಳು. ಒಂದು ದೀಪಾವಳಿಗೆ ಕಾಕಾ ಕಟ್ಟು ಹಾಕಿಸಿದ ದೊಡ್ಡ ಫೋಟೋ ತಂದರು. ಸುತ್ತ ಕಡುಗೆಂಪು, ನಡುವೆ ಕೇಸರಿ, ಕೆಳಗೆ ಬೆಳ್ಳಗೆ ಮಂಜಿನಂತೆ ಏನೋ.

"ಸೂರ್ಯ ಹುಟ್ಟೂದು! ಏನ್ ಛಂದ ಅದ ರೀ," ಎಂದಳು ಅವ್ವ.

ಕಾಕಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರ ಮುಖದ ಆ ಹಿಗ್ಗು... ನಾನು ಮತ್ತೆ ಕಾಣಲಿಲ್ಲ. ಆಮೇಲೆ ನಮ್ಮಲ್ಲಿ ಊಟಕ್ಕೆ ಬಂದಾಗಲೆಲ್ಲ ಆ ಗೋಡೆಗೇ ಮುಖ ಮಾಡಿ ಕೂರುತ್ತಿದ್ದರು.

ರಥಸಪ್ತಮಿ ಬಂತು. ಅವ್ವ ಫೋಟೋ ಇಳಿಸಿ ದೇವರ ಜಗಲಿಯ ಮೇಲಿಟ್ಟಳು. ಗಾಜಿಗೆ ಕುಂಕುಮ ಹಚ್ಚಿ, ಎಕ್ಕದ ಎಲೆ ಏರಿಸಿ, ಪಾಯಸದ ನೈವೇದ್ಯ ತೋರಿಸಿದಳು. ಮಧ್ಯಾಹ್ನ ಪ್ರಸಾದಕ್ಕೆ ಬಂದ ಕಾಕಾ ಜಗಲಿ ನೋಡಿ ಬಾಗಿಲಲ್ಲೇ ನಿಂತರು. ಅವ್ವ ಕೊಟ್ಟ ಪಾಯಸದ ಬಟ್ಟಲು ಕೈಯಲ್ಲೇ ಉಳಿಯಿತು.

"ವೈನಿ, ತಪ್ಪ ತಿಳೀಬ್ಯಾಡ್ರಿ. ಅದು ಸೂರ್ಯ ಅಲ್ರಿ. ನಮ್ಮ ಜಿನ್ಯಾದ ಮೂಲಿ."

ನಮ್ಮ ಮೆಟ್ಟಿಲ ತಿರುವಿನ ಮೂಲೆ ಎಂದರೆ ಏನೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಲ್ಲಿನ ಎಲೆ-ತಂಬಾಕಿನ ಉಗುಳನ್ನು ತಿಕ್ಕುತ್ತಿದ್ದವಳು ಅವ್ವನೇ. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪನ ಬಾಯಿ ತುಂಬ ಎಲೆ, ತಂಬಾಕು. ಮಾತಾಡುವಂತಿಲ್ಲ, ಎದ್ದು ಹೋಗಿ ಉಗುಳುವಂತೆಯೂ ಇಲ್ಲ. ಕೊನೆಗೆ ನುಂಗಿಬಿಟ್ಟರು. ಅವರ ಗಂಟಲು ಏರಿ ಇಳಿದದ್ದು ಇಂದಿಗೂ ಕಣ್ಣ ಮುಂದಿದೆ, ಥೂ.

ಅವ್ವ ಬಚ್ಚಲಿಗೆ ಓಡಿ ವಾಂತಿ ಮಾಡಿದಳು. ಬಂದವಳೇ ಮಸಿಅರಿವೆಯಲ್ಲಿ ಫೋಟೋ ಹಿಡಿದು ಬಾಗಿಲಾಚೆ ಇಟ್ಟಳು.

"ನಿನ್ನೀ ತನಕಾ ಛಂದ ಇತ್ತಲ್ರಿ ವೈನಿ," ಎಂದರು ಕಾಕಾ, ಮೆಲ್ಲಗೆ.

"ಛಂದ ಇತ್ತು. ಅದಕ್ಕ ಹೇಸಿಕಿ ಬರ್ತದ. ಎಂಜಲಕ್ಕ ಕೈ ಮುಗಿಯೂಹಂಗ ಮಾಡಿದ್ರಿ. ಇನ್ನ ಬರಬ್ಯಾಡ್ರಿ."

ಕಾಕಾ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಊಟವೂ ಉಳಿಯುತ್ತಿತ್ತು, ಗೋಡೆಯೂ ಉಳಿಯುತ್ತಿತ್ತು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ, ಊರಿಂದ ಬಂದ ಅವರ ತಮ್ಮನು ಕ್ಯಾಮೆರಾ ಮಾರಿ ಫೋಟೋಗಳನ್ನೆಲ್ಲ ಕಸದ ಗಾಡಿಗೆ ಹಾಕಿಸಿದ. ಅಪ್ಪನಂತೂ ಎಲೆ ಬಿಡಲಿಲ್ಲ. ಮೂಲೆ ಬದಲಾಯಿಸಿದರು, ಅಷ್ಟೇ.

ಲಿಫ್ಟಿನ ಫೋಟೋವನ್ನು ಆ ಸಂಜೆ ಅವ್ವನಿಗೆ ತೋರಿಸಿದೆ. ಏನೆಂದು ಹೇಳಲಿಲ್ಲ. ಮೊಬೈಲನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಉಗುಳಿದ್ದು, ಹೌದಲ್ಲ? ಥೂ!"

ಮೊಬೈಲ್ ಮರಳಿಸಿ ಸೀರೆಗೆ ಕೈ ಒರೆಸಿಕೊಂಡಳು. ಅಡುಗೆಮನೆಯ ಕಡೆ ಹೊರಟವಳು ಬಾಗಿಲ ಬಳಿ ನಿಂತಳು.

"ಅವರು ತಗದಷ್ಟು ಛಂದ ಬಂದಿಲ್ಲ ನೋಡು."

ಇದೊಂದು ಮಾತು ಕೇಳಲೆಂದೇ ಕಾಕಾ ಎಷ್ಟು ವರ್ಷ ಆ ಮೆಟ್ಟಿಲು ಹತ್ತಿ ಇಳಿದರೋ... ನಮ್ಮ ಮುಚ್ಚಿದ ಬಾಗಿಲ ಮುಂದೆಯೇ.